ಗಡಿಕಲ್ಲಿಗೆ ಮೂರು ಸುತ್ತು

ಮೂರನೇ ಸುತ್ತು ಮುಗಿಸಿದ ಸೂರ್ಯಪ್ರಕಾಶ ಬೈಕಿನಿಂದಿಳಿದು, ಹೆಲ್ಮೆಟ್ ತೆಗೆದು ಹಾದಿಬದಿಯ ಅಮ್ಮನವರಿಗೆ ಕೈಮುಗಿಯುವುದಕ್ಕೂ ಪೊದೆಗಳಾಚೆಯಿಂದ ಸೀಟಿ ಕೇಳುವುದಕ್ಕೂ ಸರಿಹೋಯಿತು. ಖಾಕಿ ತೊಟ್ಟ ಫಾರೆಸ್ಟ್ ಗಾರ್ಡ್ ರಾಮ್‌ಪ್ರಸಾದ್ ಏದುಸಿರು ಬಿಡುತ್ತ ಬಂದು, ಮೀಸಲು ಅರಣ್ಯದೊಳಗೆ ಗಾಡಿ ಓಡಿಸಿದ್ದಕ್ಕೆ ಕೇಸು ಹಾಕಬೇಕಾಗುತ್ತದೆ ಎಂದು ತೆಲುಗಿನಲ್ಲಿ ಹೇಳಿದ. ಸೂರ್ಯಪ್ರಕಾಶ ಹಿಂದೆ ತಿರುಗಿ ನೋಡಿದ. ಇಂಥ ಮಾತನ್ನು ತನಗೆ ಹೇಳಿರಬಹುದು ಎಂಬ ಯೋಚನೆಯೇ ಅವನಿಗೆ ಬರಲಿಲ್ಲ. ಹಿಂದೆ ಇದ್ದವನು ಗೆಳೆಯ ಬಾಬ್ಜಿ ಒಬ್ಬನೇ. ಅವನು ಆಗಲೇ ತನ್ನ ಬೈಕನ್ನು ಊರ ಕಡೆಗೆ ತಿರುಗಿಸಿಕೊಂಡು ಕೂತಿದ್ದ.

ಹುಬ್ಬಳ್ಳಿಯ ಸೂರ್ಯಪ್ರಕಾಶ ತೆಲುಗು ನಾಡಿನ ಮಧುರವಾಡದ ಬ್ಯಾಂಕೊಂದರಲ್ಲಿ ಆಫೀಸರು. ನಲವತ್ತು ದಾಟಿದ ಮೇಲೆ ಅವನಿಗೆ ಗುಡ್ಡ ಹತ್ತುವ ಬೈಕಿನ ಹುಚ್ಚು ಹಿಡಿದಾಗ, ಕೈಕಾಲು ಮುರಿದುಕೊಂಡರೆ ನೋಡಿಕೊಳ್ಳುತ್ತೇನೆ, ಕೇಸು ಗೀಸು ಅಂತ ಮಾತ್ರ ಮನೆಗೆ ತರಬೇಡಿ ಎಂದು ಹೆಂಡತಿ ವಿಜಯಲಕ್ಷ್ಮೀ ಒಪ್ಪಿಗೆ ಕೊಟ್ಟಿದ್ದಳು. ಆ ಎಚ್ಚರಿಕೆಯ ಅಗತ್ಯವೇ ಇರಲಿಲ್ಲ. ಕೆಂಪು ದೀಪವಿದ್ದರೆ ಖಾಲಿ ರಸ್ತೆಯಲ್ಲೂ ಕಾಲೂರಿ ನಿಲ್ಲುವ ಪ್ರಾಣಿ ಅದು. ಮಧುರವಾಡದಾಚೆ ದನಗಳ ಹಾದಿ ಹಿಡಿದು ಗುಡ್ಡ ಹತ್ತಿದರೆ ಒಂದು ಬಿಳಿ ಗಡಿಕಲ್ಲು ಸಿಗುತ್ತದೆ. ಅದರಾಚೆ ಮೀಸಲು ಅರಣ್ಯ, ಗಾಡಿ ಹೋಗುವಂತಿಲ್ಲ. ಬೇರೆ ಬೈಕಿನವರು ಧೂಳೆಬ್ಬಿಸಿಕೊಂಡು ಕಲ್ಲು ದಾಟಿ ಹೋಗುತ್ತಿದ್ದರೆ, ಇವನು ಪ್ರತಿ ಭಾನುವಾರ ಅಲ್ಲಿ ಇಳಿದು, ಕರವಸ್ತ್ರದಿಂದ ಕಲ್ಲಿನ ಧೂಳೊರೆಸಿ, ಬಗ್ಗಿ ನಂಬರು ಓದಿ, ಸಮಾಧಾನದಿಂದ ಬೈಕು ತಿರುಗಿಸುತ್ತಿದ್ದ. ಟೈರ್ ಅಂಗಡಿಯ ಬಾಬ್ಜಿಗೆ ಇದು ತಿರುಪತಿಗೆ ಹೋಗಿ ಬೆಟ್ಟದ ಬುಡದಿಂದಲೇ ವಾಪಸು ಬಂದ ಹಾಗೆ ಅನ್ನಿಸುತ್ತಿತ್ತು. ಬಾಬ್ಜಿಯ ತಾಯಿ ಬಳ್ಳಾರಿಯವರು, ತಂದೆ ವಿಜಯವಾಡದವರು. ಕನ್ನಡ ಅವನಿಗೆ ತಾಯಿಯ ಜೊತೆ ಜಗಳವಾಡುವಷ್ಟು ಬರುತ್ತಿತ್ತು, ಮರ್ಯಾದೆ ಕೊಡಲು ಮಾತ್ರ ತೆಲುಗಿನ ಅಂಡಿ ಬೇಕಾಗುತ್ತಿತ್ತು.

ಕೇಸು ಎಂಬ ಮಾತು ಕಿವಿಗೆ ಬಿದ್ದೊಡನೆ ಸೂರ್ಯಪ್ರಕಾಶನಿಗೆ ಬುಧವಾರ ನೆನಪಾಯಿತು. ಬುಧವಾರ ವಿಜಯವಾಡದಲ್ಲಿ ಅವನ ಪ್ರಮೋಷನ್ ಇಂಟರ್‌ವ್ಯೂ. ಹಿಂದೆ ಎರಡು ಸಲ ಕೈತಪ್ಪಿದ್ದು ಈ ಸಲ ಸಿಗುವ ಹಾಗಿತ್ತು. ಮೈಮೇಲೆ ಕೇಸಿರುವವನನ್ನು ಬಾಗಿಲೊಳಗೂ ಬಿಡುತ್ತಿರಲಿಲ್ಲ. ಅದೇ ಊರಿನ ಭವಾನಿಪುರಂನಲ್ಲಿ ಅತ್ತೆ ದುರ್ಗಾಂಬ, ಅಳಿಯ ಮ್ಯಾನೇಜರಾದ ಎಂದು ಇಡೀ ಬೀದಿಗೆ ಆಗಲೇ ಹೇಳಿಯಾಗಿತ್ತು.

ಹಾಗಾದರೆ ಎಡವಿದ್ದು ಎಲ್ಲಿ? ವರ್ಷದ ಕೊನೆಯ ಲೆಕ್ಕಪತ್ರದ ಗದ್ದಲದಲ್ಲಿ ಅವನು ಎರಡು ತಿಂಗಳು ಇತ್ತ ಬಂದಿರಲಿಲ್ಲ. ಇವತ್ತು ಬಂದರೆ ಹಾದಿಯ ಪಕ್ಕ ಮೈತುಂಬ ಅರಿಸಿನ ಬಳಿಸಿಕೊಂಡು, ಅಗಲವಾದ ಕುಂಕುಮ ಇಟ್ಟುಕೊಂಡು, ಕೆಂಪು ಖಣ ಸುತ್ತಿಕೊಂಡು ಅಮ್ಮ ಕೂತಿದ್ದಳು. ಅವನ ಕಡೆ ಊರ ಗಡಿಯ ದ್ಯಾಮವ್ವನಿಗೆ ಸುತ್ತು ಹಾಕದೆ ಯಾರೂ ಗಾಡಿ ಮುಂದೆ ಓಡಿಸುವುದಿಲ್ಲ. ಗಡಿಕಲ್ಲು ಇನ್ನೂ ಮುಂದಿರಬೇಕು ಅಂದುಕೊಂಡು, ಬುಧವಾರವನ್ನು ನೆನೆದು, ಒಂದು ಸುತ್ತು ಸಾಲದೆಂದು ಮೂರು ಹಾಕಿದ. ಗಡಿಕಲ್ಲು ಅರಿಸಿನದ ಕೆಳಗೇ ಇತ್ತು.

"ಏ ಬಾಬ್ಜಿ, ಒಂದೊಂದು ಸುತ್ತಿಗೂ ಅಡವ್ಯಾಗ ಹೋಗಿ ಬಂದೀನಲ್ಲೋ," ಎಂದ ಸೂರ್ಯಪ್ರಕಾಶ.

ಅಷ್ಟರಲ್ಲಿ ಹೂವಿನ ಬುಟ್ಟಿ ಹಿಡಿದು ಗಂಗಾಭವಾನಿ ಬಂದಳು. ಗುಡ್ಡದ ಬುಡದ ಹಳ್ಳಿಯಲ್ಲಿ ಮೇಕೆ ಸಾಕಿಕೊಂಡಿರುವ ಹೆಂಗಸು. ಸೂರ್ಯಪ್ರಕಾಶನನ್ನು ಕಂಡು ಅವಳ ಮುಖ ಅರಳಿತು. ಆ ಮಹಾನುಭಾವ ಇವರೇ ಎಂದು ಗಾರ್ಡಿಗೆ ವಿವರಿಸತೊಡಗಿದಳು. ಪ್ರತಿ ವಾರ ಬಂದು ತಮ್ಮ ಕರವಸ್ತ್ರದಲ್ಲೇ ಅಮ್ಮನ ಮುಖ ಒರೆಸಿ, ತಲೆಬಾಗಿ ಮಂತ್ರ ಹೇಳಿ, ಒಂದು ಹೆಜ್ಜೆಯೂ ಆಚೆ ಇಡದೆ ಹಿಂತಿರುಗುತ್ತಿದ್ದರಂತೆ. ದಾಟಿ ಹೋದವನೊಬ್ಬ ಬಿದ್ದು ಕಾಲು ಮುರಿದುಕೊಂಡನಂತೆ. ಕಲ್ಲಿನಲ್ಲಿ ಅಮ್ಮ ಇದ್ದಾಳೆಂದು ಹಳ್ಳಿಗೆ ಆಗ ಗೊತ್ತಾಯಿತಂತೆ.

"ಸಾರ್, ಈ ಅಮ್ಮನಿಗೆ ಮೊದಲ ಪೂಜಾರಿ ನೀವೇ ಅಂಡಿ," ಎಂದ ಬಾಬ್ಜಿ.

ರಾಮ್‌ಪ್ರಸಾದ್ ನಗು ನುಂಗಿಕೊಂಡು ಪುಸ್ತಕ ತೆಗೆದ. ಕೇಸು ಬರೆಯಲು ಕಲ್ಲಿನ ನಂಬರು ಬೇಕು, ನಂಬರಿನ ಮೇಲೆ ಬೆರಳು ದಪ್ಪದ ಅರಿಸಿನ. ಉಗುರಿನಿಂದ ಕೆರೆಯಲು ಕೈ ಚಾಚಿದ. ಗಂಗಾಭವಾನಿ ಸುಮ್ಮನೆ ಒಮ್ಮೆ ಕೆಮ್ಮಿದಳು. ದಿನಾ ಅದೇ ಹಳ್ಳಿಯಲ್ಲಿ ನೀರು ಕುಡಿಯಬೇಕಾದ ಮನುಷ್ಯ ಕೈ ಹಿಂದೆ ತೆಗೆದುಕೊಂಡ. ಕೊನೆಗೆ ಸೂರ್ಯಪ್ರಕಾಶನತ್ತ ತಿರುಗಿ, ವಾರ ವಾರ ಓದಿದವರು ನೀವು, ನಂಬರು ನೆನಪಿದೆಯೇ ಎಂದು ಕೇಳಿದ.

ಬಾಬ್ಜಿ ಪಕ್ಕದಲ್ಲೇ ಬಂದು ನಿಂತ. "ನೆನಪಿಲ್ಲ ಅನ್ನಿ ಸಾರ್. ಅಷ್ಟೇ ಅಂಡಿ, ಮನೆಗೆ ಹೋಗಬಹುದು."

ಸೂರ್ಯಪ್ರಕಾಶ ಅರಿಸಿನದ ಕಲ್ಲನ್ನೇ ನೋಡಿದ. ಮರೆತೆ ಎನ್ನುವುದು ಎಷ್ಟು ಸುಲಭ. ಬ್ಯಾಂಕಿನಲ್ಲಿ ಎಂಥೆಂಥವರು ಎಂಥೆಂಥದನ್ನು ಮರೆತು ಮೇಲಿನ ಹುದ್ದೆಗೆ ಹೋಗಿದ್ದರು. ಹೆಂಡತಿಯ ಮುಖ ಕಣ್ಣಮುಂದೆ ಬಂತು, ಅವಳ ಹಿಂದೆ ಅತ್ತೆ, ಅತ್ತೆಯ ಹಿಂದೆ ಭವಾನಿಪುರಂನ ಬೀದಿ. ಆದರೂ ಗೊತ್ತಿರುವುದನ್ನು ಗೊತ್ತಿಲ್ಲ ಎನ್ನಲು ನಾಲಿಗೆ ಹೊರಳಲಿಲ್ಲ. ಅವನಿಗೆ ತನ್ನ ಮೇಲೆಯೇ ಸಿಟ್ಟು ಬಂತು.

"ಇನ್ನೂರ ಹದಿನೇಳು," ಎಂದು ಗಾರ್ಡಿಗೆ ತೆಲುಗಿನಲ್ಲಿ ಹೇಳಿದ. ಬಾಬ್ಜಿಯತ್ತ ತಿರುಗಿ, "ಮರತೀನಿ ಅಂತ ಹೆಂಗ ಹೇಳ್ಲೋ? ಅದನ್ನ ಓದಾಕಂತನ ಬರ್ತಿದ್ನಲ್ಲ," ಎಂದ. ಬಾಬ್ಜಿ ಹಣೆ ಹಣೆ ಚಚ್ಚಿಕೊಂಡ.

ರಾಮ್‌ಪ್ರಸಾದ್ ಪೆನ್ನು ಎತ್ತಿಕೊಂಡವನು ಹಾಗೆಯೇ ನಿಂತ. ಬೈಕಿನವರನ್ನು ಹಿಡಿದು ಹಿಡಿದು ಸಾಕಾಗಿದ್ದ ಅವನಿಗೆ ಇಂಥವನು ಸಿಕ್ಕಿದ್ದು ಇದೇ ಮೊದಲು. ನಿಜವೇ ಎಂದು ಗಂಗಾಭವಾನಿಯನ್ನು ಕೇಳಿದ. ಅಮ್ಮನಿಗೆ ಎಂಥ ನಂಬರು ಎಂದಳು ಆಕೆ. ಅವನು ಪುಸ್ತಕ ಮುಚ್ಚಿದ. ಬಾಯಿಂದ ಕೇಳಿದ್ದು ಕೇಸಿಗೆ ಆಗುವುದಿಲ್ಲ, ನಂಬರನ್ನು ತಾನೇ ಕಣ್ಣಾರೆ ಓದಬೇಕು. ಗಡಿ ಕಾಣದಂತೆ ಆದದ್ದರಲ್ಲಿ ಇವರ ತಪ್ಪೂ ಇಲ್ಲ. ಪಕ್ಕದಲ್ಲಿ ಬೇರೆ ಬೋರ್ಡು ನೆಡಿಸುತ್ತೇನೆ, ಇನ್ನು ಮೇಲೆ ಗಾಡಿ ಕೆಳಗೇ ನಿಲ್ಲಿಸಿ ಬನ್ನಿ, ಶಿವನ ಗುಡಿಯಲ್ಲಿ ಅಭಿಷೇಕದ ನೀರು ದಾಟದೆ ಹಿಂತಿರುಗುವ ಹಾಗೆ ಅಮ್ಮನಿಗೂ ಅರ್ಧ ಸುತ್ತು ಸಾಕು ಎಂದ.

ಸೂರ್ಯಪ್ರಕಾಶನಿಗೆ ಅಳುವೇ ಬಂತು. ಬೂಟು ಕಳಚಿ, ಕಲ್ಲಿನ ಈಚೆಯಿಂದ ಹೊರಟು, ಗಡಿಯ ಅಂಚಿಗೆ ಬಂದೊಡನೆ ನಿಂತು, ಬಂದ ದಾರಿಯಲ್ಲೇ ಹಿಂತಿರುಗಿದ. ಗಂಗಾಭವಾನಿ ಅವನನ್ನು ನೋಡಿಕೊಂಡು ಹಾಗೆಯೇ ಮಾಡಿದಳು.

ಆಮೇಲೆ ರಾಮ್‌ಪ್ರಸಾದ್ ಅತ್ತಿತ್ತ ನೋಡಿ, ತಾನೂ ಬೂಟು ಬಿಚ್ಚಿದ. ಅವನಿಗೆ ಆಚೆ ಹೋಗುವ, ಪೂರ್ತಿ ಸುತ್ತು ಹಾಕುವ ಅಧಿಕಾರವಿತ್ತು. ಕೈಮುಗಿದುಕೊಂಡು ಬರಿಗಾಲಲ್ಲಿ ಗಡಿ ದಾಟಿ, ಮುಳ್ಳು ನೋಡಿಕೊಂಡು ನಿಧಾನವಾಗಿ ಅಮ್ಮನ ಬೆನ್ನ ಹಿಂದಿನಿಂದ ಬರುತ್ತಿದ್ದ. ಉಳಿದವರೆಲ್ಲ ಈಚೆ ನಿಂತು ಕಾದರು.