ಕಿಟಕಿಯ ಎದುರಿನ ಅಗ್ನಿ

ಜೀವಿಗಳ ಉಸಿರಾಗಿ ಒಳಹೊರಗೆ ಸಂಚರಿಸುವ ಮುಖ್ಯಪ್ರಾಣದೇವರಿಗೆ ವಂದಿಸಿ ಕಥೆಗೆ ತೊಡಗೋಣ.

ಡೊಂಬಿವಲಿಯ ಕಾರ್ಖಾನೆಗಳ ಬೆನ್ನಿಗಿದ್ದ ಕಟ್ಟಡವೊಂದರ ಐದನೆಯ ಮಹಡಿಯಲ್ಲಿ ಪುರೋಹಿತ ರಮಾಕಾಂತ ಭಟ್ಟರ ಮನೆ. ಅಲ್ಲಿಯ ಉಡುಪಿ ಹೋಟೆಲಿನವರ ಹೋಮ, ಗೃಹಪ್ರವೇಶಗಳೆಲ್ಲ ಅವರ ಕೈಯಲ್ಲೇ ನಡೆಯುತ್ತಿದ್ದವು. ಮನೆಯ ಕಿಟಕಿಗೆ ಎದುರಾಗಿ ಕಾರ್ಖಾನೆಯೊಂದರ ಎತ್ತರದ ಕೊಳವೆ. ಬೇಡದ ಅನಿಲವನ್ನು ಅದರ ತುದಿಯಲ್ಲಿ ಹಗಲಿರುಳು ಸುಡುತ್ತಿದ್ದರು. ಉಳಿದವರಿಗೆ ಅದು ಬರಿಯ ಬೆಂಕಿ. ಭಟ್ಟರಿಗೆ ಆರದ ಅಗ್ನಿಹೋತ್ರ. ಪ್ರತಿ ಸಂಜೆ, ಲಕ್ಷ್ಮಿ ಬರುವ ಹೊತ್ತೆಂದು ಕಿಟಕಿ ತೆರೆದು, ಒಂಬತ್ತು ವರ್ಷದ ಮೊಮ್ಮಗಳು ದಿಶಾಳನ್ನು ಆ ಜ್ವಾಲೆಗೆ ಮುಖಮಾಡಿ ಕೂರಿಸಿ ಪ್ರಾಣಾಯಾಮ ಹೇಳಿಕೊಡುತ್ತಿದ್ದರು.

“ಮಾವ, ಕೊಳೆತ ಮೊಟ್ಟೆಯ ಹಾಗೆ ವಾಸನೆ ಉಂಟು. ಖಿಡಕಿ ಬಂದ್ ಮಾಡ್ಲಾ?” ಎಂದು ಸೊಸೆ ಮುಕ್ತಾ ಕೇಳುವಳು.

“ಸಂಧ್ಯಾಕಾಲದಲ್ಲಿ ಮೊಟ್ಟೆಯ ಹೆಸರೆತ್ತುದಾ ಮಾರಾಯ್ತಿ? ದಿಶಾ, ನೀನು ದೀರ್ಘವಾಗಿ ಎಳೆ.”

ಕಾರ್ತಿಕದ ಒಂದು ಸಂಜೆ ಜ್ವಾಲೆ ಕೆಂಪಾಗಿ ಹರಡಿ ಕರಿಹೊಗೆ ಕಾರತೊಡಗಿತು. ದಿಶಾ ಕೆಮ್ಮುತ್ತಲೇ ನಕ್ಕಳು. “ಅಜ್ಜ, ನಿಮ್ಮ ಅಗ್ನಿದೇವ್ ಬೀಡಿ ಪೀತೇ ಹೈಂ ಕ್ಯಾ?”

ಭಟ್ಟರೂ ನಕ್ಕರು. “ಇನ್ನು ಮೂರೇ ಸಲ” ಎಂದರು. ಮೂರನೆಯ ಉಸಿರು ಒಳಹೋಯಿತು, ಹೊರಬರಲೊಲ್ಲದು. ತುಟಿ ನೀಲಿಗಟ್ಟಿದ ಮಗುವನ್ನು ಎದೆಗವಚಿಕೊಂಡು, ಸೊಸೆಯೊಡನೆ ರಿಕ್ಷಾ ಹತ್ತಿ ಕಲ್ಯಾಣದ ಆಸ್ಪತ್ರೆಗೆ ಧಾವಿಸಿದರು.

ಜೀವ ಉಳಿಯಿತು, ಜೊತೆಗೆ ದಮ್ಮೂ ಉಳಿಯಿತು. ಅಲ್ಲಿದ್ದ ಧಾರವಾಡದ ಕಡೆಯ ಡಾಕ್ಟರು ವಸಂತಕುಮಾರರು ಸಂಜೆಯ ಸಂಗತಿ ತಿಳಿದು ಕೇಳಿದರು: “ಸಂಜೀ ತಂಪಿಗೆ ಆ ಹೊಗಿ ಕೆಳಗ ಕುಂದರತೈತ್ರಿ. ಅದೇ ಹೊತ್ತಿಗೆ ಕಿಡಕಿ ತಗದು ಕೂಸಿನ ಕೈಲೆ ಉಸಿರು ಎಳಿಸಿದವರು ಯಾರು?”

ಮುಕ್ತಾ ಮಾವನ ಕಡೆಗೆ ನೋಡಲಿಲ್ಲ. ನೋಡಿದ್ದರೆ ಭಟ್ಟರಿಗೆ ಅಷ್ಟು ನೋಯುತ್ತಿರಲಿಲ್ಲ. ಹೊಗೆಯಾಡುವ ಅಗ್ನಿಗೆ ಆಹುತಿ ಹಾಕಬಾರದೆಂದು ನೂರು ಮನೆಗಳ ಯಜಮಾನರಿಗೆ ತಿಳಿಹೇಳಿದ್ದು ಅವರದೇ ಬಾಯಿ. ಈಗ ತಾವೇ ಹಾಕಿದ್ದರು, ಅದೂ ಏನನ್ನು!

ಮರಳಿ ಬಂದ ಸಂಜೆ ಅವರೇ ಕಿಟಕಿ ಮುಚ್ಚಿ, ಸಂದಿಗೆ ಒದ್ದೆ ಶಾಲು ತುರುಕಿದರು. ಹೊರಗೆ ಕೊಳವೆ ಎಂದಿನಂತೆ ಉರಿಯುತ್ತಿತ್ತು. ದಿಶಾ ಔಷಧದ ಪಂಪನ್ನು ಬಾಯಿಗಿಟ್ಟು ಕಾದಳು, ಮತ್ತೆ ಕೆಳಗಿಳಿಸಿದಳು.

“ಬೋಲೋ ನಾ ಅಜ್ಜ, ದೀರ್ಘವಾಗಿ ಎಳೆ ಅಂತ.”

ಭಟ್ಟರು ಅವಳ ಬೆನ್ನಿನ ಮೇಲೆ ಕೈಯಿಟ್ಟು, “ಮೆಲ್ಲಗೆ, ಮಗಾ” ಎಂದಷ್ಟೇ ಅಂದರು.

ಈ ಕಥೆ ಕೇಳಿದವರ ಮಕ್ಕಳಿಗೆ ಶುದ್ಧವಾದ ಗಾಳಿ ದೊರೆಯಲಿ. ಸುಡುವವರ ಕಣ್ಣು ತೆರೆಯಲಿ. ಹಿರಿಯರಿಗೆ ವಿವೇಕವು ಹೊತ್ತು ಮೀರುವ ಮುನ್ನ ಬರಲಿ. ಎಲ್ಲರ ಉಸಿರೂ ನೂರು ವರುಷ ನಡೆಯಲಿ.