ತೊಂಬತ್ತಾರು ಗಂಟೆಗಳ ಪಾಠ

ಹದಿಮೂರು ವರ್ಷ ನಾನು ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿದ್ದೆ. ಟೈಪಿಸ್ಟ್ ಆಗಿ ಸೇರಿದವಳು, ಕೆಲಸ ಮುಗಿದ ಮೇಲೆ ಆರರಿಂದ ಎಂಟರವರೆಗೆ ಪೇಟೆಯ ಒಂದು ಮಹಡಿಯಲ್ಲಿ ನಡೆಯುತ್ತಿದ್ದ ಕಂಪ್ಯೂಟರ್ ತರಗತಿಗೆ ಹೋಗಿ ಪ್ರೋಗ್ರಾಂ ಬರೆಯಲು ಕಲಿತೆ. ಯಾವ ಎಸ್ಟೇಟಿನ ಪಾರ್ಚ್‌ಮೆಂಟ್, ಅಂದರೆ ಸಿಪ್ಪೆ ಬಿಡಿಸದ ಕಾಫಿಯ ಚೀಲ ಯಾವತ್ತು ಬಂತು, ಸಿಪ್ಪೆ ಬಿಡಿಸಿದ ಮೇಲೆ ಯಾವ ಗ್ರೇಡಿನ ಬೀಜ ಎಷ್ಟು ಸಿಕ್ಕಿತು ಎಂದು ಮುದ್ರಿಸಿ ಕೊಡುವ ಪ್ರೋಗ್ರಾಂ ನಾನೇ ಬರೆದದ್ದು. ಅದು ಒಂಬತ್ತು ವರ್ಷ ಓಡಿತು. ಒಂಬತ್ತು ವರ್ಷವೂ, ಎಲ್ಲೋ ಒಂದು ತಪ್ಪು ಉಳಿದಿದೆ, ನಾಳೆ ಸಿಕ್ಕಿಬೀಳುತ್ತೇನೆ ಎಂಬ ಹೆದರಿಕೆಯಲ್ಲೇ ನಾನು ಮಲಗುತ್ತಿದ್ದೆ.

ನಮ್ಮ ವಿಭಾಗದ ಹಿರಿಯರು ಓಂಕಾರಮೂರ್ತಿ. ಯಂತ್ರ ನಿಂತಾಗಲೆಲ್ಲ ಎಷ್ಟು ಹೊತ್ತಿಗೆ ನಿಂತಿತು, ಯಾಕೆ ನಿಂತಿತು ಎಂದು ಒಂದು ಪುಸ್ತಕದಲ್ಲಿ ಬರೆಯಿಸುತ್ತಿದ್ದರು. "ನಿಂತಿದ್ದನ್ನ ನಿಂತಿದೆ ಅಂತ ಬರೀಬೇಕು ಕಣಮ್ಮ. ಓಡಿದ್ದು ತಾನೇ ಹೇಳ್ಕೊಳ್ಳುತ್ತೆ" ಎನ್ನುತ್ತಿದ್ದರು.

ವರ್ಕ್ಸ್ ಕೈ ಬದಲಾಯಿತು. ಹೊಸ ಮಾಲೀಕರು ಬೆಂಗಳೂರಿನಿಂದ ಸಿದ್ಧ ಸಾಫ್ಟ್‌ವೇರ್ ತಂದರು. ಹಳೆಯ ವಿವರಗಳನ್ನೆಲ್ಲ ಅದಕ್ಕೆ ಏರಿಸಿ ಕೊಡಲು ನನಗೆ ಎರಡು ತಿಂಗಳು ಹಿಡಿಯಿತು. ಏರಿಸಿ ಮುಗಿದ ವಾರವೇ ಲೆಕ್ಕ ಚುಕ್ತಾ ಮಾಡಿ ಕಳಿಸಿದರು.

ಎರಡು ಸಾವಿರದ ಮೂರನೆಯ ಇಸವಿ, ಜೂನ್. ಮಲ್ಲಂದೂರಿನಿಂದ ಇನ್ನೂ ಒಂದಿಷ್ಟು ಒಳಗಿರುವ ಊರಿನ ಪ್ರೌಢಶಾಲೆಗೆ ಕಂಪ್ಯೂಟರ್ ಟೀಚರ್ ಆಗಿ ಹೋದೆ. ಐದು ಕಂಪ್ಯೂಟರನ್ನೂ ನನ್ನನ್ನೂ ಆ ಶಾಲೆಗೆ ಕೊಟ್ಟದ್ದು ಸರ್ಕಾರದಿಂದ ಗುತ್ತಿಗೆ ಹಿಡಿದ ಒಂದು ಕಂಪನಿ. ನನಗೆ ಬಿ.ಎಡ್. ಇರಲಿಲ್ಲ. ಹಾಗಾಗಿ ಸ್ಟಾಫ್ ರೂಮಿನಲ್ಲಿ ನನ್ನನ್ನು ಯಾರೂ ಟೀಚರ್ ಎಂದುಕೊಂಡಿರಲಿಲ್ಲ. ಕಂಪ್ಯೂಟರ್ ರಿಪೇರಿಗೆ ಬಂದವಳು ಟೀ ಕುಡಿದು ಹೋಗಲಿ ಎಂಬಂತೆ ಒಂದು ಸ್ಟೂಲು ಕೊಟ್ಟಿದ್ದರು. ಅವರು ತಿಳಿದದ್ದೇ ಸರಿಯಿರಬಹುದು ಎಂದು ನನಗೂ ಅನ್ನಿಸುತ್ತಿತ್ತು. ತ್ರಿಪುರಸುಂದರಿ ಎಂಬ ಹೆಸರು ಕೇಳಿ ಹೆಡ್‌ಮಾಸ್ಟರ್ ಸುಬ್ಬಯ್ಯನವರು, ಮೂರು ಪುರಕ್ಕೆ ಸುಂದರಿಯಾದವರು ನಮ್ಮ ಒಂದು ಹಳ್ಳಿಗೆ ಸಾಕಾಗಲ್ವಾ ಎಂದು ನಗೆಯಾಡಿದರು. ಒಳ್ಳೆಯ ಮನುಷ್ಯ. ಯಾವ ಕಾಗದ ಕೊಟ್ಟರೂ ಓದದೆ ಸಹಿ ಹಾಕುವವರು.

ಆ ವರ್ಷ ಒಂಬತ್ತನೆಯ ತರಗತಿಗೆ ಮಾತ್ರ ಕಂಪ್ಯೂಟರ್. ಮಕ್ಕಳು ನಲವತ್ಮೂರು. ಮಳೆ ಹಿಡಿದ ಮೇಲೆ ಮರ ಬಿದ್ದು ತಂತಿ ಹರಿದರೆ ವಾರಗಟ್ಟಲೆ ಕರೆಂಟಿಲ್ಲ. ಬಂದ ದಿನ ಶಾಲೆಗೆ ರಜೆ. ಯುಪಿಎಸ್ ಬ್ಯಾಟರಿ ಮೊದಲ ತಿಂಗಳೇ ಸತ್ತಿತ್ತು. ಕಂಪನಿಗೆ ನಾಲ್ಕು ಪತ್ರ ಬರೆದೆ, ಉತ್ತರವಿಲ್ಲ. ರಟ್ಟಿನ ಮೇಲೆ ಕೀಬೋರ್ಡ್ ಬರೆದು ಮಕ್ಕಳಿಗೆ ಹಂಚಿದೆ. ಅವರು ಮಂಕು ಬೆಳಕಿನಲ್ಲಿ ಆ ರಟ್ಟನ್ನು ಕುಟ್ಟುತ್ತ ತಮ್ಮ ತಮ್ಮ ಹೆಸರು ಬರೆಯುತ್ತಿದ್ದರು. ಸದ್ದು ಮಾತ್ರ ಬರುತ್ತಿತ್ತು.

ಪ್ರತಿದಿನ ತುಂಬಬೇಕಾದ ಒಂದು ಬಳಕೆ ಪುಸ್ತಕ ಇತ್ತು. ಎಷ್ಟು ಹೊತ್ತು ಕಂಪ್ಯೂಟರ್ ಓಡಿತು, ಏನು ಕಲಿಸಲಾಯಿತು, ಟೀಚರ್ ಸಹಿ, ಹೆಡ್‌ಮಾಸ್ಟರ್ ಸಹಿ, ಕೊನೆಗೆ ತರಗತಿಯ ಲೀಡರ್ ಸಹಿ. ಟೀಚರುಗಳು ಸುಳ್ಳು ಬರೆಯದಿರಲಿ ಎಂದೇ ಮಕ್ಕಳ ಸಹಿ. ಓಂಕಾರಮೂರ್ತಿಯವರು ಕಲಿಸಿದ ಅಭ್ಯಾಸ ನಾನು ಬಿಡಲಿಲ್ಲ. 'ಕರೆಂಟ್ ಇಲ್ಲ. ಯಂತ್ರ ಓಡಿಲ್ಲ. ರಟ್ಟಿನ ಮೇಲೆ ಪಾಠ' ಎಂದು ದಿನವೂ ಬರೆದೆ. ಅಕ್ಟೋಬರ್ ಕೊನೆಗೆ ಕೂಡಿ ನೋಡಿದರೆ ಯಂತ್ರಗಳು ಓಡಿದ್ದು ಒಟ್ಟು ಹನ್ನೊಂದು ಗಂಟೆ.

ನವೆಂಬರ್ ಮೊದಲ ವಾರ ಕಂಪನಿಯ ಕಡೆಯಿಂದ ಶ್ರೀಹರಿ ಎಂಬ ಹುಡುಗ ಬೈಕಿನಲ್ಲಿ ಬಂದ. ನನಗಿಂತ ಹತ್ತು ವರ್ಷ ಚಿಕ್ಕವನು, ಇಪ್ಪತ್ತು ಶಾಲೆಗಳ ಉಸ್ತುವಾರಿ. ಪುಸ್ತಕ ತಿರುವಿ ಹಾಕಿ ತಲೆ ಹಿಡಿದುಕೊಂಡ. ಜಿಲ್ಲೆಯಲ್ಲೇ ಕಡಿಮೆ ಬಳಕೆ ಈ ಶಾಲೆಯದಂತೆ. ತಿಂಗಳ ಕೊನೆಗೆ ತಪಾಸಣೆ ಇದೆ, ಈ ಪುಸ್ತಕ ನೋಡಿದರೆ ಐದು ಕಂಪ್ಯೂಟರನ್ನೂ ಪೇಟೆಯ ಶಾಲೆಗೆ ಸಾಗಿಸುತ್ತಾರೆ ಎಂದ. ಬೇರೆ ಶಾಲೆಗಳಲ್ಲಿ ಮಳೆಗಾಲಕ್ಕೆ ಕರೆಂಟ್ ಇರುತ್ತದೆಯೇ ಎಂದು ಕೇಳಿದೆ.

"ಎಲ್ಲಿರುತ್ತೆ ಮೇಡಂ? ಪುಸ್ತಕದಲ್ಲಿರುತ್ತೆ. ಹತ್ತೊಂಬತ್ತು ಶಾಲೇಲಿ ಎಲ್ರೂ ಮನುಷ್ಯರು, ನೀವೊಬ್ರು ಹರಿಶ್ಚಂದ್ರ."

ಬ್ಯಾಗಿನಿಂದ ಒಂದು ಹೊಸ ಪುಸ್ತಕ ತೆಗೆದು ಮೇಜಿನ ಮೇಲಿಟ್ಟ. ಸೋಮವಾರ ಬರುತ್ತೇನೆ ಎಂದಷ್ಟೇ ಹೇಳಿ ಹೋದ.

ಸುಬ್ಬಯ್ಯನವರು ಮೊದಲ ಸಲ ಹಳೆಯ ಪುಸ್ತಕ ಓದಿದರು. "ಎಂತ ಮಾಡಿದ್ರಿ ಮಾರಾಯ್ರೆ" ಎಂದರು, ಸಿಟ್ಟಿಲ್ಲದೆ. ಈ ಊರಿಗೆ ಇನ್ನೊಮ್ಮೆ ಕಂಪ್ಯೂಟರ್ ಬರುವ ಹೊತ್ತಿಗೆ ಈ ಮಕ್ಕಳ ಮಕ್ಕಳು ಒಂಬತ್ತನೆಯ ತರಗತಿಯಲ್ಲಿರುತ್ತಾರೆ ಎಂದರು. ಒಂದೇ ಸಲ ಬರೆದದ್ದೆಂದು ಕಾಣದಿರಲಿ ಎಂದು ತಾವೇ ನಾಲ್ಕು ಬಗೆಯ ಪೆನ್ನು ತಂದುಕೊಟ್ಟರು.

ಎರಡು ದಿನ ಊಟ ಸೇರಲಿಲ್ಲ. ನಾನು ನಿಜ ಬರೆದದ್ದಕ್ಕೆ ಮಕ್ಕಳ ಕೈಯಿಂದ ಯಂತ್ರ ಹೋಗುವುದಾದರೆ ಆ ನಿಜ ಯಾರಿಗಾಗಿ ಎಂದುಕೊಂಡೆ. ಅಲ್ಲ, ನನ್ನ ಕೆಲಸಕ್ಕಾಗಿ ಮಕ್ಕಳ ಹೆಸರು ಹೇಳುತ್ತಿದ್ದೇನೆ ಎಂದೂ ಅನ್ನಿಸಿತು. ಎರಡೂ ಇದ್ದಿರಬೇಕು. ಕೊನೆಗೆ ಹೊಸ ಪುಸ್ತಕ ಬರೆಯುವುದೆಂದೇ ತೀರ್ಮಾನಿಸಿದೆ. ನನ್ನ ಸಹಿ ನಾನು ಹಾಕಬಲ್ಲೆ, ಹೆಡ್‌ಮಾಸ್ಟರೂ ಹಾಕುತ್ತಾರೆ. ಉಳಿದದ್ದು ಕೊನೆಯ ಕಾಲಂ.

ತರಗತಿಯ ಲೀಡರ್ ನಜ್ಮಾ. ರಸ್ತೆ ಬದಿಯಲ್ಲಿ ಜೀಪು ರಿಪೇರಿ ಮಾಡುವ ಖಾದರ್ ಸಾಹೇಬರ ಮಗಳು. ರಟ್ಟಿನ ಮೇಲೆ ಕಣ್ಣು ಮುಚ್ಚಿಕೊಂಡು ಎಲ್ಲ ಅಕ್ಷರ ತೋರಿಸುತ್ತಿದ್ದವಳು. ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಅವಳನ್ನು ನಿಲ್ಲಿಸಿಕೊಂಡೆ. ಹಳೆಯ ಪುಸ್ತಕ ಒದ್ದೆಯಾಗಿ ಹಾಳಾಗಿದೆ, ಹೊಸದರಲ್ಲಿ ಬರೆಯಬೇಕು ಎಂದೆ. ಹಳೆಯ ಪುಸ್ತಕ ಗರಿಗರಿಯಾಗಿ ನಮ್ಮಿಬ್ಬರ ನಡುವೆಯೇ ಇತ್ತು. ಅವಳು ಅದನ್ನೊಮ್ಮೆ ನೋಡಿದಳು, ನನ್ನನ್ನು ನೋಡಲಿಲ್ಲ.

"ಯಾವ ಪೆನ್ನಲ್ಲಿ ಹಾಕ್ಲಿ ಮಿಸ್?"

ನಾನು ದಿನಾಂಕ, ಗಂಟೆ, ಪಾಠದ ಹೆಸರು ಬರೆಯುತ್ತ ಹೋದೆ. ಮೌಸ್ ಹಿಡಿಯುವುದು. ಚಿತ್ರ ಬಿಡಿಸುವುದು. ಫೈಲ್ ಮಾಡಿ ಉಳಿಸುವುದು, ಉಳಿಸಿದ್ದನ್ನು ತೆರೆಯುವುದು. ಅವಳು ಹಿಂದಿನಿಂದ ಸಹಿ ಹಾಕುತ್ತ ಬಂದಳು. ಜುಲೈ ತಿಂಗಳ ನಡುವೆ ಅವಳ ಕೈ ನಿಂತಿತು.

"ಹದಿನಾಲ್ಕನೇ ತಾರೀಕು ನಂಗೆ ಜ್ವರ ಮಿಸ್. ಹಾಜರಿ ಪುಸ್ತಕದಲ್ಲಿ ಆಬ್ಸೆಂಟ್ ಇದೆ. ಎರಡನ್ನೂ ಇಟ್ಟು ನೋಡಿದ್ರೆ ಗೊತ್ತಾಗುತ್ತೆ. ಆವತ್ತು ಮಾತ್ರ ಕರೆಂಟ್ ಇರ್ಲಿಲ್ಲ, ಪಾಠ ಇಲ್ಲ ಅಂತ ಮಾಡಿ, ನನ್ನ ಸಹಿ ಬೇಡ."

ಪ್ರೋಗ್ರಾಂ ಬರೆಯುವವರಲ್ಲಿ ಎಷ್ಟೋ ಜನರಿಗೆ ಬಾರದ ಕಣ್ಣು ಅದು. ಎರಡು ಕಡೆಯ ವಿವರ ಎಲ್ಲಿ ತಾಳೆಯಾಗುವುದಿಲ್ಲ ಎಂದು ತಾನಾಗಿಯೇ ಹುಡುಕುವ ಕಣ್ಣು. ಒಂದು ಗಳಿಗೆ ನನಗೆ ಹೆಮ್ಮೆಯೇ ಆಯಿತು. ಆಮೇಲೆ ಅವಳು ಅದನ್ನು ಯಾತರ ಮೇಲೆ ಬಳಸುತ್ತಿದ್ದಾಳೆ ಎಂಬುದು ತಲೆಗೆ ಹೋಯಿತು. ಆದರೂ ಅವಳು ಹೇಳಿದಂತೆಯೇ ತಿದ್ದಿದೆ. ಸಂಜೆ ನಾಲ್ಕಕ್ಕೆ ಮುಗಿಯಿತು. ಒಟ್ಟು ತೊಂಬತ್ತಾರು ಗಂಟೆ.

ತಪಾಸಣೆಗೆ ಬಂದವರು ಶಿಕ್ಷಣ ಇಲಾಖೆಯ ದೇವರಾಜ ಎಂಬ ಅಧಿಕಾರಿ. ಮಳೆ ಎಂದೋ ನಿಂತು ಆಕಾಶ ತೊಳೆದಿಟ್ಟಂತಿತ್ತು. ಹರಿದ ತಂತಿ ಜೋಡಿಸಿದ್ದು ಮಾತ್ರ ಹಿಂದಿನ ದಿನವಷ್ಟೇ. ಅವತ್ತು ಬೆಳಗಿನಿಂದ ಕರೆಂಟ್ ಹೋಗಿರಲಿಲ್ಲ. ಅವರು ಹೊಸ ಪುಸ್ತಕವನ್ನು ಪುಟ ಪುಟವಾಗಿ ನೋಡಿ ತಲೆದೂಗಿದರು. ಹಾಜರಿ ಪುಸ್ತಕವನ್ನೂ ತರಿಸಿ ಪಕ್ಕದಲ್ಲಿಟ್ಟರು. ಎಲ್ಲ ತಾಳೆಯಾಯಿತು. ಪರವಾಗಿಲ್ಲ, ಕಂಪ್ಯೂಟರ್ ಇಲ್ಲೇ ಇರಲಿ ಎಂದು ಸುಬ್ಬಯ್ಯನವರಿಗೆ ಹೇಳಿದರು. ಅಲ್ಲಿಗೆ ಎದ್ದು ಹೋಗಬಹುದಿತ್ತು. ಟೀ ಬರುವುದು ತಡವಾಯಿತು. ಸಹಿ ಹಾಕಿದ ಹುಡುಗಿ ಯಾರು, ಕರೆಯಿರಿ ಎಂದರು.

ನಿನ್ನ ಹೆಸರು ಟೈಪ್ ಮಾಡಿ ಉಳಿಸಿ ಮತ್ತೆ ತೆರೆದು ತೋರಿಸು ಎಂದರು. ನಜ್ಮಾ ಕುಳಿತಳು. ಇಂಗ್ಲಿಷ್ ಅಕ್ಷರಗಳನ್ನು ಹುಡುಕಲೇ ಇಲ್ಲ, ಐದೂ ಒಂದರ ಹಿಂದೆ ಒಂದು ಬಿದ್ದವು. ದೇವರಾಜರು ಭೇಷ್ ಎಂದರು. ಅವಳು ಮೌಸ್ ಹಿಡಿದಳು. ಬಾಣದ ಗುರುತು ಪರದೆಯ ಮೇಲೆ ಎಲ್ಲೆಲ್ಲೋ ಓಡಿತು. ರಟ್ಟಿನಲ್ಲಿ ಮೌಸ್ ಇರಲಿಲ್ಲ. ಹನ್ನೊಂದು ಗಂಟೆಯನ್ನು ನಲವತ್ಮೂರು ಮಕ್ಕಳಿಗೆ ಹಂಚಿದರೆ ಅವಳ ಪಾಲಿಗೆ ಸಿಕ್ಕದ್ದು ಎಷ್ಟು ನಿಮಿಷ ಎಂಬುದು ನನಗೆ ಮಾತ್ರ ಗೊತ್ತಿತ್ತು.

ಅಷ್ಟರಲ್ಲಿ ಟ್ಯೂಬ್‌ಲೈಟ್ ಒಮ್ಮೆ ಮಿಣುಕಿತು, ಹೋಗಲಿಲ್ಲ. ನಜ್ಮಾ ಚಂಗನೆ ಎದ್ದು ಗೋಡೆಯ ಸ್ವಿಚ್ ಆರಿಸಿಬಿಟ್ಟಳು. ಐದೂ ಪರದೆಗಳು ಕಪ್ಪಾದವು. ದೀಪ ಮಿಣುಕಿದರೆ ಬೇರೆಲ್ಲ ಬಿಟ್ಟು ಮೊದಲು ಸ್ವಿಚ್ ಆರಿಸಬೇಕು, ಇಲ್ಲದಿದ್ದರೆ ಯಂತ್ರ ಸುಟ್ಟುಹೋಗುತ್ತದೆ ಎಂದು ಜೂನಿನಿಂದ ನಾನೇ ಹೇಳಿಕೊಟ್ಟಿದ್ದೆ. ನಾನು ಕಲಿಸಿದ್ದರಲ್ಲಿ ಅವಳು ಚೆನ್ನಾಗಿ ಕಲಿತದ್ದು ಅದೊಂದೇ.

ದೇವರಾಜರು ಕಪ್ಪು ಪರದೆಯನ್ನೇ ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು.

"ತೊಂಬತ್ತಾರು ಗಂಟೆ ಪಾಠ ಮಾಡಿದೀರಿ ಮೇಡಂ. ಕ್ಲಾಸ್ ಲೀಡರ್‌ಗೆ ಒಂದು ಹೆಸರು ಉಳಿಸೋಕೆ ಬರಲ್ಲ."

"ಸಾರ್, ಇಲ್ಲಿ ಕರೆಂಟೇ…" ಎಂದು ನಜ್ಮಾ ಬಾಯಿ ತೆರೆದಳು.

"ನಜ್ಮಾ, ಸುಮ್ನೆ ಕೂತ್ಕೊ" ಎಂದೆ. ಅಷ್ಟು ಗಟ್ಟಿಯಾಗಿ ಅವಳೊಡನೆ ನಾನು ಎಂದೂ ಮಾತಾಡಿರಲಿಲ್ಲ. ಅವಳು ಹೇಳಿಬಿಟ್ಟರೆ ಮುಂದಿನ ಪ್ರಶ್ನೆ ಪುಸ್ತಕದ್ದು. ಪುಸ್ತಕದ ಪುಟ ಪುಟದಲ್ಲಿ ಅವಳ ಸಹಿ ಇತ್ತು. ತಪ್ಪು ನನ್ನದು ಸಾರ್, ನನಗೆ ಕಲಿಸಲು ಬರುವುದಿಲ್ಲ ಎಂದು ಹೇಳಿದೆ. ಹೇಳುವಾಗ ಅದು ಸುಳ್ಳು ಅನ್ನಿಸಲಿಲ್ಲ.

ಹತ್ತು ದಿನಕ್ಕೆ ಕಂಪನಿಯ ಪತ್ರ ಬಂತು. ಬೋಧನೆ ತೃಪ್ತಿಕರವಾಗಿಲ್ಲದ ಕಾರಣ ನನ್ನನ್ನು ಬಿಡಿಸಲಾಗಿದೆ ಎಂದಿತ್ತು. ಹೊಸಬರು ಬರುವ ತನಕ ಕಂಪ್ಯೂಟರ್ ಕೋಣೆಗೆ ಬೀಗ. ಸುಬ್ಬಯ್ಯನವರು ಬೀಗದ ಕೈ ತೆಗೆದುಕೊಳ್ಳುತ್ತ, ಕಂಪ್ಯೂಟರಾದರೂ ಉಳಿದವಲ್ಲ ಎಂದರು. ಸ್ಟಾಫ್ ರೂಮಿನಲ್ಲಿ ಯಾರೋ, ಬಿ.ಎಡ್. ಅಂದ್ರೆ ಸುಮ್ನೆ ಅಲ್ಲ ನೋಡಿ, ಎಂದರು.

ಬಸ್‌ ನಿಲ್ಲುವ ಜಾಗಕ್ಕೆ ನಜ್ಮಾ ಓಡಿಬಂದಳು.

"ನಾನು ಸರಿಯಾಗಿ ಮಾಡಿದ್ರೆ ನಿಮ್ಮನ್ನ ಕಳಿಸ್ತಿರ್ಲಿಲ್ಲ, ಅಲ್ವಾ ಮಿಸ್?"

ಹಾಗಲ್ಲ ಎಂದೆ. ಕಲಿಯುವುದಕ್ಕೆ ನಿನಗೆ ಯಂತ್ರವೇ ಸಿಗಲಿಲ್ಲ, ನಿನ್ನ ತಲೆ ಎಂಥದು ಎಂದು ಜುಲೈ ಹದಿನಾಲ್ಕರ ಪುಟದಲ್ಲೇ ನಾನು ನೋಡಿದ್ದೇನೆ ಎಂದೆ. ಆ ಶನಿವಾರದ ಮಾತು ತೆಗೆದದ್ದೇ ತಪ್ಪಾಯಿತು. ಅವಳು ತಲೆ ತಗ್ಗಿಸಿದಳು. ಮಲ್ಲಂದೂರು ಕಡೆಯ ತಿರುವಿನಲ್ಲಿ ಬಸ್ಸಿನ ಸದ್ದು ಕೇಳಿಸಿತು.

"ಹೊಸ ಮಿಸ್ ಬಂದ್ರೆ ಲೀಡರ್ ನಾನು ಬೇಡ ಅಂತ ಹೆಡ್‌ಮಾಷ್ಟ್ರಿಗೆ ಹೇಳಿದೀನಿ" ಎಂದಳು. "ಕಂಪ್ಯೂಟರೂ ಬೇಡ. ಆ ಪಿರಿಯಡ್‌ನಲ್ಲಿ ಹೊಲಿಗೆಗೆ ಕಳಿಸ್ತಾರಂತೆ. ನಂಗೆ ಕಂಪ್ಯೂಟರಲ್ಲಿ ತಲೆ ಓಡಲ್ಲ ಮಿಸ್."

ಕಂಡಕ್ಟರ್ ಬಾಗಿಲು ಬಡಿದು ಅವಸರ ಮಾಡಿದ. ನಾನು ಹತ್ತಿದೆ. ತಲೆ ಓಡುತ್ತೆ ಎಂದು ಕಿಟಕಿಯಿಂದ ಕೂಗಿ ಹೇಳಿದೆ. ಅವಳು ಸರಿ ಮಿಸ್ ಎಂದಳು, ದೊಡ್ಡವರು ಏನಾದರೂ ಹೇಳಿದರೆ ಮಕ್ಕಳು ಹೇಳುತ್ತಾರಲ್ಲ, ಹಾಗೆ.