ವ್ಯೂ ಇಲ್ಲದ ಮನೆ

ಬಂಡೆಯ ಮೈಮೇಲೆ ಒಬ್ಬಳು ಹುಡುಗಿ ಹಗ್ಗ ಹಿಡಿದು ಹತ್ತುತ್ತಿದ್ದಾಳೆ, ಹೆಲ್ಮೆಟ್ಟು ಕೆಂಪು, ಗಟ್ಟಿಗಿತ್ತಿ, ಆದರೆ ಬಿದ್ದರೆ ಸೊಂಟ, ಎಂದುಕೊಂಡಳು ಚಿನ್ನಮ್ಮ, ಸರ್ವೀಸು ಪೂರಾ ಆಸ್ಪತ್ರೆಯಲ್ಲಿ ನರ್ಸಾಗಿದ್ದವಳಿಗೆ ಬೆಟ್ಟ ಕಂಡರೂ ಮೊದಲು ಮುರಿದ ಮೂಳೆಯೇ ಕಾಣುವುದು — ಗಂಡ ಮುನಿಶಾಮಯ್ಯನಿಗೆ ಮಾತ್ರ ಸ್ವರ್ಗ ಕಂಡಿದೆ, ರಿಟೈರಾದ ಮಾರನೆಯ ದಿನವೇ ಕೊಂಡ ಬೂಟು, ಕೊರಳಲ್ಲಿ ದುರ್ಬೀನು, ನೋಡಮ್ಮಿ, ಬೆಳಿಗ್ಗೆ ಎದ್ರೆ ಬೆಟ್ಟ, ಸಂಜೆ ಕೆರೇಲಿ ದೋಣಿ, ಇನ್ನೇನ್ ಬೇಕು ನಮ್ಗೆ, ಸೈಟು ತೋರಿಸಲು ಬಂದ ಚೆಲುವಯ್ಯನೂ ಹೂಂಗುಟ್ಟುತ್ತಾನೆ, ಇಂಥಾ ವ್ಯೂ ಸಾತನೂರ್ ಸುತ್ತಾಮುತ್ತ ಎಲ್ಲೂ ಸಿಕ್ಕಾಕಿಲ್ಲ ಮೇಡಮ್ಮೋರೆ, ಊರೊಳ್ಗೆ ಬರೀ ಗಲಾಟೆ, ನಿಮ್ಮಂತೋರಿಗೆ ಊರಾಚೆನೇ ಫ್ರೀ — ನಿಮ್ಮಂತೋರಿಗೆ! ವ್ಯೂ ಅಂತೆ ವ್ಯೂ, ಕಾಲೋನಿಗೆ ಯಾವತ್ತು ವ್ಯೂ ಕಡಿಮೆಯಾಗಿತ್ತು, ಅವಳು ಹುಟ್ಟಿದ ಗುಡಿಸಲ ಬಾಗಿಲು ತೆರೆದರೆ ಎದುರಿಗೆ ಬೆಟ್ಟ, ಪಕ್ಕದಲ್ಲಿ ಕೆರೆ, ಹಿಂದೆ ಸುಡುಗಾಡು, ತಂಪು ಗಾಳಿ, ನಿಶ್ಶಬ್ದ, ಇವತ್ತು ಬೆಂಗಳೂರಿನವರು ಕೋಟಿ ಸುರಿದು ಕೊಳ್ಳುವುದನ್ನೆಲ್ಲ ಊರಿನವರು ಅವಳ ಅಜ್ಜನಿಗೆ ಪುಗಸಟ್ಟೆ ಕೊಟ್ಟಿದ್ದರು, ಊರಾಚೆ ನಿಲ್ಲಿಸಿ, ಎಂಥಾ ಧಾರಾಳ, ನಗು ಉಕ್ಕಿ ಬಂತು ಅವಳಿಗೆ — ಇಲ್ಲ ಕಣ್ರೀ, ವ್ಯೂ ನೋಡಿ ನೋಡಿ ಸಾಕಾಗಿದೆ, ನಂಗೆ ಗಲಾಟೆ ಬೇಕು.

ಬರುವಾಗ ಕಂಡಿತ್ತಲ್ಲ, ಊರ ನಟ್ಟನಡುವೆ, ಹಾಲಿನ ಡೈರಿಯ ಎದುರು, ಮಾರಾಟಕ್ಕಿದೆ ಎಂದು ಬರೆದಿದ್ದ ಹೆಂಚಿನ ಮನೆ, ಅದರ ಉದ್ದನೆಯ ಜಗಲಿ, ಕೂಲಿ ಕೇಳಲು ಹೋದ ಅವ್ವ ಅಂಥ ಜಗಲಿಯ ಕೆಳಗೆ ಸೆರಗು ಮುದುರಿ ನಿಲ್ಲುತ್ತಿದ್ದಳು, ಮೇಲೆ ನಾಯಿ ಮಲಗಿರುತ್ತಿತ್ತು, ಅದನ್ನು ತೋರಿಸಿ ಎಂದಳು — ಆ ಮನೆಯೇ? ಅದು ಮಾತಾಗೋಯ್ತು, ಎಂದು ಚೆಲುವಯ್ಯ ನೆಲ ನೋಡಿದ, ಅಲ್ಲ, ನಿಮ್ ಮನೆದೇವ್ರು ಯಾವ್ದು ಅಂದ್ರಿ? ಓಹೋ, ದೇವರ ಊರಿನ ಮೇಲೆ ಹಾದು ಜಾತಿಗೆ ಬರುವ ಬಸ್ಸು, ಇನ್ನೂ ಓಡುತ್ತಿದೆ — ಅವಳು ಆಗಲೇ ಹೊರಟಿದ್ದಳು, ಹಿಂದೆ ಬೂಟಿನ ಸದ್ದು, ನಿಧಾನ ಅಮ್ಮಿ, ಬೆಟ್ಟ ಬೇಡ್ವಾ? ಬೆಟ್ಟ ಎಲ್ಲೂ ಓಡಿಹೋಗಲ್ಲ, ಎಂದಳು ತಿರುಗದೆ, ಸ್ಕೂಟರಲ್ಲಿ ಹೋಗಿ ಹತ್ತಿ ಬನ್ನಿ.

ಮನೆಯೊಡತಿ ಶಿವಲಿಂಗಮ್ಮ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು. ಮನೆ ಮಾತಾಗಿದ್ಯಾ ಅವ್ವ? ಯಾವನ್ ಅಂದೋನು, ಕೇಳೋರೇ ಗತಿಯಿಲ್ಲ. ಚಿನ್ನಮ್ಮ ದನಿ ಏರಿಸಿದಳು, ಡೈರಿಯ ಮುಂದೆ ಹಾಲಿನ ಕ್ಯಾನು ಹಿಡಿದು ನಿಂತವರಿಗೂ ಕೇಳಲಿ, ನಾವು ಕಾಲೋನಿಯೋರು, ಎಸ್ಸಿ, ಈ ಮನೆ ನಂಗೆ ಬೇಕು — ಅಪ್ಪಣೆಗೆ ಕಾಯದೆ ಜಗಲಿ ಹತ್ತಿ ಕೂತೇಬಿಟ್ಟಳು, ಕ್ಯಾನುಗಳ ಸದ್ದು ನಿಂತಿತು, ಶಿವಲಿಂಗಮ್ಮ ಮೇಲಿಂದ ಕೆಳಗೆ ನೋಡಿದಳು, ಒಂದು ಕಾಯಿ ಸುಲಿದಳು, ಇನ್ನೊಂದು ಸುಲಿದಳು, ನನ್ ಮೈದುನ ಕುಣ್ದಾಡ್ತಾನೆ, ಕುಣೀಲಿ ಬುಡು, ಮನೆ ನನ್ ಹೆಸ್ರಲ್ಲೈತೆ, ಅಲ್ಲ ಕಣವ್ವ, ಇಷ್ಟ್ ಜೋರಾಗಿ ಕೂಗ್ದೋಳು ಅಂಚ್ನಾಗ್ ಕೂತಿದ್ದೀಯಲ್ಲ, ಬಿದ್ಗಿದ್ದೀಯ, ಒಸಿ ಒಳಿಕ್ಕೆ ಸರ್ಕೊ — ಅಂಚು? ಬಗ್ಗಿ ನೋಡಿಕೊಂಡಳು, ಹೌದು, ಅರ್ಧ ಮೈ ಜಗಲಿಯ ಮೇಲೆ, ಅರ್ಧ ಗಾಳಿಯಲ್ಲಿ, ಯಾರಾದರೂ ಗದರಿದರೆ ಏಳಲು ಸಿದ್ಧವಾಗಿ ಬೀದಿಗೆ ಒತ್ತಿಕೊಂಡ ಕಾಲ್ಬೆರಳುಗಳು, ಡಾಕ್ಟರರನ್ನೇ ಗದರಿಸಿದ ಗಂಟಲು, ಕೂರುವಾಗ ಮಾತ್ರ ಅವ್ವನ ಕಾಲು, ಥೂ, ಕಾಲುಗಳೇ, ನಿಮಗಿದನ್ನು ಯಾರು ಹೇಳಿಕೊಟ್ಟರು — ನಗುತ್ತಲೇ ಸರಿದಳು, ಇನ್ನೂ ಸರಿದಳು, ಪಾದಗಳು ಬೀದಿ ಬಿಟ್ಟು ತೂಗಿದವು, ಬೆನ್ನಿಗೆ ಗೋಡೆ ತಗುಲಿತು, ಬಿಸಿಲು ಕುಡಿದ ಗೋಡೆ, ಬೆಚ್ಚಗಿನ ಗೋಡೆ, ಗೋಡೆ —